ಮೊಳೆಯಲ್ಲೇ ಉಳಿದ ಹನ್ನೆರಡನೇ ಕಾರ್ಡು

ಸ್ಕೌಟ್ ತರಬೇತಿ ಕೇಂದ್ರದ ನಿರ್ದೇಶಕರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ತಾವೂ, ತಮ್ಮ ಇಸ್ತ್ರಿ ಕೆಡದ ಸಮವಸ್ತ್ರವೂ, ತಮ್ಮ ಕಚೇರಿ ಬಾಗಿಲ ಪಕ್ಕದ ಹನ್ನೆರಡು ಮೊಳೆಗಳೂ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಯಾರೆಂದು ತಮಗೆ ನೆನಪಿರಲಾರದು, ಇರಬೇಕೆಂಬ ದುರಾಸೆಯೂ ನನಗಿಲ್ಲ. ಕಳೆದ ತಿಂಗಳು ತಮ್ಮಲ್ಲಿ ನಡೆದ ಆರು ದಿನಗಳ ನಾಯಕರ ತರಬೇತಿಗೆ ಬಂದಿದ್ದ ಶಾಲಾ ಶಿಕ್ಷಕಿಯೊಬ್ಬರ ಗಂಡ ನಾನು; ಕಸುಬು ಗಡಿಯಾರ ರಿಪೇರಿ. 'ಸಂಗಾತಿಗಳಿಗೂ ಸ್ವಾಗತ, ಅವರಿಗೆಂದೇ ಪ್ರತ್ಯೇಕ ಚಟುವಟಿಕೆಗಳಿವೆ' ಎಂದು ತಮ್ಮ ಆಹ್ವಾನಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದುದನ್ನು ನಂಬಿ, ಅಂಗಡಿಗೆ ಬೀಗ ಹಾಕಿ ಹೆಂಡತಿಯ ಚೀಲ ಹೊತ್ತುಕೊಂಡು ಬಂದವನು.

ಆ ಚಟುವಟಿಕೆಗಳನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ದಿನ ಕಾಗದದ ಹೂವು, ಎರಡನೆಯ ದಿನ ಮೇಣದ ಬತ್ತಿ, ಮೂರನೆಯ ದಿನ ಊಟದ ಮೇಜಿನ ಕರವಸ್ತ್ರವನ್ನು ಹಂಸದ ಆಕಾರಕ್ಕೆ ಮಡಚುವುದು. ಹನ್ನೆರಡು ಸಂಗಾತಿಗಳಲ್ಲಿ ಗಂಡಸು ನಾನೊಬ್ಬನೇ ಆದದ್ದರಿಂದ ತಮ್ಮ ಸಂಯೋಜಕಿಯವರು ಪ್ರತಿ ತರಗತಿಯನ್ನೂ 'ಮಹಿಳೆಯರೇ, ಮತ್ತೆ ನೀವೂ' ಎಂದು ಶುರುಮಾಡಿ ನನ್ನನ್ನು ವಿಶೇಷವಾಗಿ ಗೌರವಿಸಿದರು. ಮೈದಾನದ ನಡುವೆ ಕಟ್ಟಿದ್ದ ಹಗ್ಗದ ಆಚೆ ನನ್ನ ಹೆಂಡತಿ ನಕ್ಷೆ ಓದುವುದು, ಕೋಲು ಕಂಬಳಿಯಲ್ಲಿ ಸ್ಟ್ರೆಚರ್ ಕಟ್ಟುವುದು ಎಲ್ಲ ಕಲಿಯುತ್ತಿದ್ದಳು. ಸ್ಕಾರ್ಫ್ ಇಲ್ಲದವರು ಹಗ್ಗ ದಾಟಬಾರದೆಂಬ ನಿಯಮಕ್ಕೆ ತಲೆಬಾಗಿ ನನ್ನ ಹಂಸವನ್ನು ದೂರದಿಂದಲೇ ಎತ್ತಿ ತೋರಿಸಿದೆ. ಅವಳು ನಕ್ಕು ಕೈಬೀಸಿದಳು. ಅದಕ್ಕೂ ತಮ್ಮ ಬೋಧಕರು ಸೀಟಿ ಊದಿದರು.

ಈ ತರಬೇತಿಗಾಗಿ ಅವಳು ಎಂಟು ವರ್ಷ ಕಾದಿದ್ದಳು ಎಂಬುದು ತಮ್ಮ ಕಡತದಲ್ಲಿ ಇರಬಹುದು. ನಮ್ಮ ಮನೆಯ ಕುರ್ಚಿಗಳ ಕಾಲುಗಳೆಲ್ಲ ಅವಳ ಗಂಟುಗಳಿಗೆ ಒಗ್ಗಿಹೋಗಿವೆ, ನನ್ನ ಎರಡೂ ಮೊಣಕೈಗಳು ಒಂದು ಸಲವೂ ಮುರಿಯದೆ ನೂರು ಸಲ ಬ್ಯಾಂಡೇಜು ಕಟ್ಟಿಸಿಕೊಂಡಿವೆ ಎಂಬುದು ಇರಲಾರದು. ತಮ್ಮ ಬ್ಯಾಡ್ಜ್ ಇಲ್ಲದೆ ಅವಳು ತನ್ನ ಶಾಲೆಯ ಮಕ್ಕಳನ್ನು ಶಿಬಿರಕ್ಕೆ ಕರೆದೊಯ್ಯುವಂತಿಲ್ಲ. ಪ್ರತಿ ವರ್ಷ ಬಸ್ಸು ಹತ್ತಿಸಿ, ಬೇರೆಯವರ ಕೈಗೆ ಒಪ್ಪಿಸಿ, ಮನೆಗೆ ಬಂದು ಕುರ್ಚಿ ಕಾಲಿಗೆ ಗಂಟು ಹಾಕುತ್ತಾ ಕೂರುವವಳು ಅವಳು.

ನಾಲ್ಕನೆಯ ದಿನದ ಚಟುವಟಿಕೆಗೆ ತಾವಿಟ್ಟಿದ್ದ ಹೆಸರು 'ಪ್ರಕೃತಿಯ ಮಡಿಲಲ್ಲಿ ಒಂದು ಮಧ್ಯಾಹ್ನ'. ಕಾಡಿಗೆ ಹೊರಡುವಾಗ ತಿಳಿದದ್ದು, ನಾವು ಹನ್ನೆರಡು ಜನ ಕಳೆದುಹೋಗಬೇಕು, ತರಬೇತಿಯವರು ನಮ್ಮನ್ನು ಹುಡುಕಬೇಕು ಎಂದು. ಎಲ್ಲರ ಕೊರಳಿಗೂ ತಮ್ಮ ಕಚೇರಿ ಬಾಗಿಲ ಮೊಳೆಯಿಂದ ತೆಗೆದ ಸಂಖ್ಯೆಯ ಕಾರ್ಡು. ಸಿಕ್ಕವರ ಕಾರ್ಡು ಮತ್ತೆ ಮೊಳೆಗೆ. ಹನ್ನೆರಡೂ ಮೊಳೆ ತುಂಬಿದರೆ ಚಹಾದ ಗಂಟೆ. ನನ್ನ ಕಾರ್ಡಿನ ದಾರ ಹರಿದಿತ್ತು. ಸಂಯೋಜಕಿಯವರು ಅದನ್ನು ಮೊಳೆಯಲ್ಲೇ ಬಿಟ್ಟು, ನೀವು ಹಾಗೇ ಹೋಗಿ, ಸೀಟಿ ಕೇಳುವ ತನಕ ಮಾತ್ರ ಏನೇ ಆದರೂ ಏಳಬೇಡಿ ಎಂದರು. ಹೇಳಿದ ಮಾತು ಮೀರುವ ಜಾಯಮಾನ ನನ್ನದಲ್ಲ.

ಮೂರು ಗಂಟೆ ಐದು ನಿಮಿಷಕ್ಕೆ ಒಂದು ಒಣ ಹಳ್ಳದಲ್ಲಿ, ಬಿದ್ದ ಮರದ ಮರೆಯಲ್ಲಿ ಅಡಗಿ ಕುಳಿತೆ. ನಾಲ್ಕು ಹತ್ತಕ್ಕೆ ಚಹಾದ ಗಂಟೆ ಕೇಳಿಸಿತು. ಹನ್ನೊಂದು ಜನ ಸಿಕ್ಕಿದ್ದರು, ಹನ್ನೆರಡು ಕಾರ್ಡು ಮೊಳೆಯಲ್ಲಿದ್ದವು, ತಮ್ಮ ಲೆಕ್ಕ ಸರಿಯಾಗಿತ್ತು. ಇರುವೆಗಳು ನನ್ನ ಬಲಗಾಲನ್ನು ಪತ್ತೆಹಚ್ಚಿದ ಚುರುಕುತನ ನೋಡಿದರೆ ಅವುಗಳಿಗೆ ತರಬೇತಿಯೇ ಬೇಕಿಲ್ಲ ಅನ್ನಿಸಿತು. ಐದೂವರೆಯ ಹೊತ್ತಿಗೆ, ಮುಚ್ಚುಮರೆ ಏಕೆ, ನನಗೆ ಹೆದರಿಕೆಯೇ ಆಯಿತು.

ಚಹಾದ ಮೇಜಿನಲ್ಲಿ ಒಂದು ಲೋಟ ಹಾಗೇ ಆರುತ್ತಿದ್ದುದನ್ನು ಕಂಡವಳು ನನ್ನ ಹೆಂಡತಿ. ಅವಳು ಕಾರ್ಡು ಎಣಿಸಲಿಲ್ಲ, ಮುಖ ಎಣಿಸಿದಳು. ಕೇಳಿದ್ದಕ್ಕೆ ಸಂಯೋಜಕಿಯವರು ಮೊಳೆಗಳ ಕಡೆ ಬೆರಳು ತೋರಿಸಿದರಂತೆ. ತಮ್ಮನ್ನು ಕೇಳಿದ್ದಕ್ಕೆ, ಡೇರೆ ಕಟ್ಟುವ ಪರೀಕ್ಷೆ ಶುರುವಾಗುತ್ತದೆ, ತಂಡದ ನಾಯಕಿ ಜಾಗ ಬಿಡಬಾರದು ಎಂದಿರಂತೆ. ಅವಳು ಸೀಟಿಯನ್ನು ಉಪನಾಯಕಿಯ ಕೈಗೆ ಕೊಟ್ಟು, ನಕ್ಷೆ ಹಿಡಿದು ಹೊರಟಳು. ಐದು ಐವತ್ತೆರಡಕ್ಕೆ ನನ್ನ ಮುಂದೆ ನಿಂತಿದ್ದಳು. ಆಗಲೂ ನಾನು ಏಳಲಿಲ್ಲ, ಸೀಟಿ ಎಲ್ಲಿ ಎಂದು ಕೇಳಿದೆ. ಅವಳು ನನ್ನ ಕಾಲಿನ ಇರುವೆ ಕೊಡವುತ್ತಾ ಹೇಳಿದ್ದು ಇಷ್ಟೇ: "ಏಳ್ರೀ ಸಾಕು. ಯಾರೂ ಕರೀದಿದ್ರೆ ನೀವು ನಾಳೆವರೆಗೂ ಇಲ್ಲೇ ಕೂತಿರ್ತೀರ ಅಂತ ನಂಗೊತ್ತಿತ್ತು." ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಅವಳನ್ನು ಕಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಮೊನ್ನೆ ತಮ್ಮ ತೀರ್ಪು ಅಂಚೆಯಲ್ಲಿ ಬಂತು. ಹನ್ನೆರಡೂ ಕಾರ್ಡುಗಳು ಸ್ವಸ್ಥಾನದಲ್ಲಿ ಇದ್ದುದರಿಂದ ಯಾರೂ ಕಳೆದುಹೋಗಿರಲಿಲ್ಲ, ಕಳೆದುಹೋಗದವರನ್ನು ಹುಡುಕಲು ತಂಡ ಬಿಟ್ಟುಹೋದದ್ದು ಅಶಿಸ್ತು, ಆದ್ದರಿಂದ ಅನುತ್ತೀರ್ಣ. ಓದಿ ಮನಸ್ಸು ತುಂಬಿ ಬಂತು. ನಿಜವಾಗಿ ಕಳೆದುಹೋದವನನ್ನು ಹುಡುಕಿ ತಂದವಳೊಬ್ಬಳನ್ನೇ ಆರಿಸಿ ನಪಾಸು ಮಾಡುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಅವಳು ಕಾಗದ ಮಡಚಿಟ್ಟು ಕುರ್ಚಿ ಕಾಲುಗಳ ಹಗ್ಗ ಬಿಚ್ಚತೊಡಗಿದಳು. ಅದನ್ನು ನೋಡಲಾಗದೆ ಈ ಪತ್ರಕ್ಕೆ ಕೂತೆ.

ನನ್ನ ಕೋರಿಕೆಗಳು ಸಣ್ಣವು. ಮಧ್ಯಾಹ್ನ ಮೂರು ಐದರಿಂದ ಐದು ಐವತ್ತೆರಡರವರೆಗೆ ನಾನು ಎಲ್ಲಿದ್ದೆನೆಂದು ಆ ಮೊಳೆಯಿಂದ ಒಂದು ಲಿಖಿತ ಹೇಳಿಕೆ ಪಡೆದು ಕಳಿಸಬೇಕು. ಇರುವೆಗಳ ಸಾಕ್ಷ್ಯವನ್ನೂ ದಾಖಲಿಸಿಕೊಳ್ಳಬೇಕು. ಮುಂದಿನ ತರಬೇತಿಯಲ್ಲಿ ತಾವೇ ಆ ಹಳ್ಳದಲ್ಲಿ ಕುಳಿತು, ತಮ್ಮ ಕಾರ್ಡನ್ನು ಮೊಳೆಗೆ ಸಿಕ್ಕಿಸಿ, ತಮ್ಮ ಲೆಕ್ಕ ತಮ್ಮನ್ನು ಹುಡುಕಿಕೊಂಡು ಬರುವ ತನಕ ಕಾಯಬೇಕು. ಇದಾವುದೂ ಆಗದಿದ್ದರೆ, ಅವಳ ಬ್ಯಾಡ್ಜನ್ನಾದರೂ ಕಳಿಸಬೇಕು.

ಹೇಳಿದಲ್ಲಿ ಹೇಳಿದಷ್ಟು ಹೊತ್ತು ಕೂರುವ,
ತಮ್ಮ ವಿಶ್ವಾಸಿ,
ಸಂಗಾತಿ ಸಂಖ್ಯೆ ಹನ್ನೆರಡು

ಮರೆತ ಮಾತು: ಹೊರಡುವ ದಿನ ಆ ಹನ್ನೆರಡನೇ ಕಾರ್ಡನ್ನು ಜೇಬಿಗಿಳಿಸಿಕೊಂಡು ಬಂದಿದ್ದೇನೆ, ಕ್ಷಮಿಸಿ. ತಮ್ಮ ಲೆಕ್ಕದ ಪ್ರಕಾರ ಒಬ್ಬ ಮನುಷ್ಯ ಈಗಲೂ ಆ ಕಾಡಿನಲ್ಲಿದ್ದಾನೆ, ಇವತ್ತಿಗೆ ಇಪ್ಪತ್ತಾರನೆಯ ದಿನ. ಅವನನ್ನು ಹುಡುಕಬಲ್ಲವರು ತಮ್ಮ ಪಟ್ಟಿಯಲ್ಲಿ ಒಬ್ಬರೇ ಇದ್ದಾರೆ, ಆದರೆ ಪಾಪ, ಅವರು ನಪಾಸು.