ತೊಗರಿ ಒಣಗಿಸುವ ಬಯಲಿನಲ್ಲಿ ಫುಟ್‌ಬಾಲು

ಹತ್ತು ಹೆಂಗಸರು ಒಂದೆಡೆ ಸೇರಿ ದುಡಿಯುವಲ್ಲಿ ನಗೆಗೆ ಬರವಿರುವುದಿಲ್ಲ. ಅವರ ನಡುವೆ ಒಂದು ಚೆಂಡು ಬಿದ್ದರಂತೂ ಮುಗಿಯಿತು. ಆಳಂದದಲ್ಲಿ ನಾನು ತೊಗರಿ ಬೇಳೆ ಮಾಡಿಸುವ ಕೆಲಸ ಶುರು ಮಾಡಿದ್ದು ನಿಜಾಮರ ಕಾಲದಲ್ಲಿ. ಎರಡನೆಯ ದೊಡ್ಡ ಯುದ್ಧ ಇನ್ನೂ ಬಂದಿರಲಿಲ್ಲ. ಯಾರೂ ನನಗೆ ಏನೂ ಕೊಡಿಸಲಿಲ್ಲ. ಒಂದು ಬೀಸುಕಲ್ಲಿನಿಂದ ಎಬ್ಬಿಸಿದ ಕೆಲಸ ಅದು. ಓದೂ ಹಾಗೆಯೇ. ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಗಳ ಮೇಲೆ ಒಬ್ಬಳೇ ಅಕ್ಷರ ಕೂಡಿಸಿ ಕಲಿತೆ.

ಕೆಲಸದ ಮನೆಯ ಪಕ್ಕದಲ್ಲಿ ಸರಕಾರಿ ಬಯಲಿತ್ತು. ಹಗಲು ಅಲ್ಲಿ ನಮ್ಮ ತೊಗರಿ ಒಣಗುತ್ತಿತ್ತು, ಸಂಜೆ ನಾವು ಆಡುತ್ತಿದ್ದೆವು. ಬಯಲು ಹೋದರೆ ಕೆಲಸವೇ ನಿಲ್ಲುತ್ತಿತ್ತು. ಒಂದು ಸಲ ಅದು ಹೋಗುವುದರಲ್ಲೇ ಇತ್ತು. ಈಗ ನೆನೆದರೆ ನಗು ಬರುತ್ತದೆ. ಅಂದು ಬಂದಿರಲಿಲ್ಲ.

ಚೆಂಡು ಬಂದದ್ದು

ಚೆಂಡು ತಂದವಳು ಮಿಷನ್ ದವಾಖಾನೆಯ ಇಂಗ್ಲೆಂಡಿನ ನರ್ಸಬಾಯಿ. ನಮ್ಮ ಹೆಂಗಸರ ಕೈಗೆ ಮುಲಾಮು ಹಚ್ಚಲು ಬಂದವಳು ತನ್ನ ಕತೆ ಹೇಳಿದಳು. ಮೊದಲನೆಯ ಯುದ್ಧದಲ್ಲಿ ಗಂಡಸರು ಲಡಾಯಿಗೆ ಹೋದಾಗ ಅವರೂರಿನ ಹೆಂಗಸರು ಮದ್ದುಗುಂಡಿನ ಕಾರ್ಖಾನೆ ಸೇರಿದರಂತೆ. ಊಟದ ಬಿಡುವಿನಲ್ಲಿ ಚೆಂಡು ಒದೆಯುತ್ತ ಒಂದು ಕ್ಲಬ್ಬನ್ನೇ ಕಟ್ಟಿದರಂತೆ. ನೋಡಲು ಜಾತ್ರೆಯಂತೆ ಜನ. ಯುದ್ಧ ಮುಗಿದ ಮೇಲೆ ಆಟದ ಹಿರಿಯರು ಸಭೆ ಸೇರಿ, ಗಂಡಸರ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಕಾಲಿಡಬಾರದೆಂದು ಬಾಗಿಲು ಹಾಕಿದರಂತೆ. ಇವರ ಕ್ಲಬ್ಬು ಆಲೂಗಡ್ಡೆ ಕಿತ್ತ ಹೊಲದಲ್ಲಿ ಆಟ ಮುಂದುವರಿಸಿತಂತೆ.

"ಯಾಕ್ರಿ, ಏನು ತಪ್ಪು ಮಾಡಿದ್ರಿ?" ಎಂದೆ.

"ಈ ಆಟ ಹೆಂಗಸರ ಮೈಗೆ ಒಗ್ಗೂದಿಲ್ಲ ಅಂದ್ರು," ಎಂದಳು. ನಮ್ಮ ಕನ್ನಡವನ್ನು ನಮಗಿಂತ ಬಿಗಿಯಾಗಿ ಆಡುತ್ತಿದ್ದಳು.

ತೊಗರಿ ಚೀಲ ಹೊತ್ತು ಬರುತ್ತಿದ್ದ ನಮ್ಮ ಗಟ್ಟಿಗಿತ್ತಿ ಅಲ್ಲೇ ನಿಂತಳು. "ಅಕ್ಕಾ, ಆ ಹಿರ್ಯಾರು ಎಲ್ಲಿ ಅದಾರ ಕೇಳ್ರಿ. ಈ ಚೀಲ ನನ್ನ ಮೈಗೆ ಒಗ್ಗತದೋ ಇಲ್ಲೋ, ಅದನ್ನೂ ಒಂದು ಮಾತು ಕೇಳಿ ಬರ್ತೇನಿ!"

ಅಂದು ಸಂಜೆಯೇ ಚೆಂಡು ಬಯಲಿಗೆ ಇಳಿಯಿತು.

ಕೈ ಹಚ್ಚಬಾರದು

ಕಚ್ಚೆ ಬಿಗಿದು ಆಡುವುದು ನಮಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಕೈ ಹಚ್ಚಬಾರದೆಂಬ ಕಾಯಿದೆ. ಒಂದು ಸಂಜೆ ಎಲ್ಲರೂ ಓಡುತ್ತಿದ್ದಾರೆ, ಚೆಂಡೇ ಇಲ್ಲ. ಬಾವಿಯಲ್ಲಿ ಬಿತ್ತೇ, ನಾಯಿ ಒಯ್ದಿತೇ ಎಂದು ಹುಡುಕುತ್ತಿದ್ದರೆ, ಒಬ್ಬಳು ಮಾತ್ರ ತುಂಬು ಬಸುರಿಯಂತೆ ಸಾವಕಾಶವಾಗಿ ಗೋಲಿನ ಕಡೆ ನಡೆಯುತ್ತಿದ್ದಾಳೆ. ಗೆರೆ ದಾಟಿ ಸೆರಗು ಬಿಡಿಸಿದಳು, ಚೆಂಡು ಉರುಳಿತು.

ನರ್ಸಬಾಯಿ ಸೀಟಿ ಊದಿ ಊದಿ ಕೆಂಪಾದಳು. "ಮುಟ್ಟಬಾರದು ಅಂತ ಹೇಳಿಲ್ಲೇನು?"

"ಕೈ ಎಲ್ಲಿ ಹಚ್ಚೀನ್ರಿ ಬಾಯಿ? ಸೆರಗು ಹಚ್ಚೀನಿ!"

ಅಫಜಲಪುರದ ಸೋಲು

ಅಫಜಲಪುರದ ಹುಡುಗಿಯರ ಶಾಲೆಯವರು ನಮ್ಮನ್ನು ಆಟಕ್ಕೆ ಕರೆದರು. ನಮ್ಮ ಗೋಲು ಕಾಯುವವಳು ಚುರುಕಿನವಳು. ಹಾರಿ ಬಂದ ಚೆಂಡನ್ನು ರೊಟ್ಟಿ ತಿರುವಿದಷ್ಟು ಸಲೀಸಾಗಿ ಹಿಡಿಯುತ್ತಿದ್ದಳು. ಆಟ ಇನ್ನೇನು ಮುಗಿಯಬೇಕು, ಯಾರದೂ ಗೋಲಿಲ್ಲ. ಅಷ್ಟರಲ್ಲಿ ಬೇಲಿಯಾಚೆ ಅವಳ ಭಾವ, ಎಂದರೆ ಗಂಡನ ಅಣ್ಣ, ಏನೋ ಕಚೇರಿ ಕೆಲಸಕ್ಕೆ ಬಂದವರು ಹಾದು ಹೋದರು. ನಮ್ಮ ಕಡೆ ಭಾವನ ಎದುರು ತಮ್ಮನ ಹೆಂಡತಿ ಮುಖ ತೋರಿಸುವುದಿಲ್ಲ; ಭಾವನೂ ಅವಳನ್ನು ಕಣ್ಣೆತ್ತಿ ನೋಡುವುದಿಲ್ಲ. ಇವಳು ಸರಕ್ಕನೆ ಸೆರಗೆಳೆದು ಬೆನ್ನು ತಿರುಗಿಸಿ ನಿಂತಳು. ಚೆಂಡು ಅವಳ ಪಕ್ಕದಲ್ಲೇ ಒಳಗೆ ಹೋಯಿತು.

"ಏ ಹುಚ್ಚಿ, ಗೋಲು ಹೋತಲ್ಲಬೇ!" ಎಂದು ಕೂಗಿದೆ.

"ಹೋಗ್ಲಿ ಬಿಡ್ರಿ ಅಕ್ಕಾ. ಈ ಹುಡುಗ್ಯಾರು ಇಲ್ಲೇ ಇರ್ತಾರ. ಭಾವ ನಮ್ಮ ಮನ್ಯಾಗೇ ಇರ್ತಾರಲ್ರಿ!"

ಬಯಲು ಯಾರದು?

ನಾವು ಸೋತು ಬಂದದ್ದು ಕೇಳಿ ನಮ್ಮೂರ ತಹಸೀಲ ಕಚೇರಿಯ ಗಂಡಸರಿಗೆ ಹುರುಪು ಬಂತು. ಅವರೂ ಒಂದು ಕ್ಲಬ್ಬು ಮಾಡಿ, ಬಯಲು ತಮಗೆ ಬೇಕೆಂದು ತಹಸೀಲ್ದಾರ ಸಾಹೇಬರ ಬಳಿ ಹೋದರು.

ಸಾಹೇಬರು ನನ್ನನ್ನು ಕರೆಸಿದರು. "ಬಾಯಿ, ನೀವೂ ಆಡ್ತೀರಿ, ಇವರೂ ಆಡ್ತೀವಿ ಅಂತಾರ. ಪೈಪೋಟಿ ಆಗ್ಲಿ. ಇವರು ಗೆದ್ರ ಮೈದಾನ ಇವರಿಗೆ. ಗೆಲ್ಲಲಿಲ್ಲಂದ್ರ ಹಿಂದಿನಂಗ ನಿಮ್ಮ ಕಡೀನೇ ಇರ್ಲಿ."

"ಆಗ್ಲಿ" ಎಂದುಬಿಟ್ಟೆ. ಹಿಂದೆ ಸರಿಯುವ ಮೈ ನನ್ನದಲ್ಲ. ಹೊರಗೆ ಬಂದ ಮೇಲೆ ಮಾತ್ರ ಅರಿವಾಯಿತು. ಕೈಯಲ್ಲಿ ಹಿಡಿದದ್ದು ಚೆಂಡಲ್ಲ, ಅಷ್ಟು ಹೆಂಗಸರ ಒಲೆ.

ಗಂಡಸರು ಹೆಂಗಸರು ಕೂಡಿ ಆಡುವುದನ್ನು ಊರು ಒಪ್ಪುವುದಿಲ್ಲವಲ್ಲ. ಅದಕ್ಕೆ ನರ್ಸಬಾಯಿ ದಾರಿ ತೋರಿಸಿದಳು: ಒಬ್ಬರು ಗೋಲಿನಲ್ಲಿ ನಿಲ್ಲುವುದು, ಎದುರಿನಿಂದ ಒಬ್ಬೊಬ್ಬರೇ ಬಂದು ಒದೆಯುವುದು. ಎರಡೂ ಕಡೆಗೆ ನಾಲ್ಕು ನಾಲ್ಕು ಒದೆತ.

ಮೊದಲು ನಮ್ಮ ಸರದಿ. ಚೀಲದ ಗಟ್ಟಿಗಿತ್ತಿ ಒದ್ದ ಏಟಿಗೆ ಚೆಂಡು, ಅದನ್ನು ಹಿಡಿದ ಕಚೇರಿಯ ಜವಾನ, ಇಬ್ಬರೂ ಒಳಗೆ ಹೋದರು. ಉಳಿದ ಮೂವರದು ಹೋಗಲಿಲ್ಲ. ನಮ್ಮದು ಒಂದೇ ಗೋಲು.

ಅವರ ಮೊದಲನೆಯವನು ನಮ್ಮ ಚುರುಕಿನವಳಿಗೂ ಸಿಗದಂತೆ ಒದ್ದ. ಒಂದಕ್ಕೊಂದು ಸಮ.

ಎರಡನೆಯದಕ್ಕೆ ಬಂದವರು ಯಾರು? ಅವಳ ಅದೇ ಭಾವ! ಇವಳು ಸೆರಗೆಳೆದು ಬೆನ್ನು ತಿರುಗಿಸಿದಳು. ಸತ್ತೆ ಎಂದುಕೊಂಡೆ. ಆದರೆ ಅವರೂ ತಲೆ ತಗ್ಗಿಸಿ, ಮುಖ ಆ ಕಡೆ ಹೊರಳಿಸಿ, ಅಂದಾಜಿನ ಮೇಲೆ ಒದ್ದರು. ಚೆಂಡು ಹೋಗಿ ಸಾಹೇಬರ ಕುದುರೆಗೆ ಬಡಿಯಿತು.

ನನಗೆ ದಾರಿ ಹೊಳೆಯಿತು. ಮೂರನೆಯವನು ಬರುತ್ತಲೇ ಅವನ ತಮ್ಮನ ಹೆಂಡತಿಯನ್ನು ಹುಡುಕಿ ಗೋಲಿಗೆ ತಳ್ಳಿದೆ. ಅವನ ಚೆಂಡು ಬೇವಿನ ಮರಕ್ಕೆ ಹೋಯಿತು.

ನರ್ಸಬಾಯಿ ಓಡಿ ಬಂದಳು. "ನಮ್ಮ ದೇಶದಾಗ ಹಿಂಗ ಮಂದಿ ಬದಲಿ ಮಾಡೂದಿಲ್ಲ!"

"ನಿಮ್ಮ ದೇಶದಾಗ ಭಾವಗೋಳು ಇಲ್ಲೇನ್ರಿ?" ಎಂದೆ.

ಕೊನೆಯವನು ಬಂದ. ಜೇವರ್ಗಿಯಿಂದ ಹೊಸದಾಗಿ ಬಂದ ಕಾರಕೂನ, ಎಳೆಗರುವಿನಂಥ ಹುಡುಗ, ಎಲ್ಲರಿಗಿಂತ ಜೋರಾಗಿ ಒದೆಯುವವನು. ಆಳಂದದಲ್ಲಿ ಅವನಿಗೆ ಅಣ್ಣನಿಲ್ಲ, ತಮ್ಮನಿಲ್ಲ, ತಮ್ಮನ ಹೆಂಡತಿಯನ್ನು ಎಲ್ಲಿಂದ ತರಲಿ? ಬಯಲು ಹೋಯಿತು ಎಂದು ಕಣ್ಣು ಮುಚ್ಚುವುದರಲ್ಲಿದ್ದೆ. ಆಗ ಮೂಲೆಯಲ್ಲಿ ಮೊರ ಹಿಡಿದು ತೊಗರಿ ಕೇರುತ್ತ ಕುಳಿತಿದ್ದ ನಮ್ಮ ಮುದುಕಿ ಕಂಡಳು. ಇವಳ ಮಗಳನ್ನು ಆ ಹುಡುಗನಿಗೆ ಗೊತ್ತು ಮಾಡಿ ಇನ್ನೂ ವಾರವಾಗಿರಲಿಲ್ಲ!

"ಏಳಬೇ ಯವ್ವಾ, ಗೋಲಿನಾಗ ನಿಂದ್ರು!"

"ನಾನೇನ್ ಮಾಡ್ಲಿಬೇ ಅಲ್ಲಿ?"

"ಏನೂ ಮಾಡಬ್ಯಾಡ. ಅತ್ತಿ ಆಗಿ ನಿಂದ್ರು ಸಾಕು."

ಮೊರ ಹಿಡಿದೇ ಹೋಗಿ ನಿಂತಳು. ದೂರದಿಂದ ಓಡಿ ಬಂದ ಹುಡುಗ ಅತ್ತೆಯ ಮುಖ ಕಂಡು ಗಕ್ಕನೆ ನಿಂತ. ಮುದುಕಿ ನಕ್ಕು, "ಸಾವಕಾಶ ಹೊಡಿರಿ ಅಳಿಯಂದ್ರ, ನನಗ ಮೊಣಕಾಲ ನೋವು ಅದ" ಎಂದಳು.

ಅವನು ಕಾಲ ತುದಿಯಿಂದ ಮೆಲ್ಲಗೆ ಮುಟ್ಟಿದ. ಚೆಂಡು ಅರ್ಧ ದಾರಿಯಲ್ಲಿ ನಿಂತಿತು. ಪಾಪ, ತಾನೇ ಹೋಗಿ ಎತ್ತಿಕೊಂಡು, ಅತ್ತೆಯ ಮೊರದಲ್ಲಿಟ್ಟು, ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತ, "ಬಸ್ ಬಾಯಿ, ಬಸ್! ಮೈದಾನ ನಿಮ್ಮದು" ಎಂದರು. ಬೆಳಗಿನಿಂದ ಹಿಡಿದಿದ್ದ ಉಸಿರು ಆಗ ಬಿಟ್ಟೆ. ಹೆಂಗಸರು ಕುಣಿದರು, ನರ್ಸಬಾಯಿಯೂ ಸೀಟಿ ಊದುತ್ತ ಕುಣಿದಳು.

ಮುದುಕಿ ಮಾತ್ರ ಚೆಂಡಿನ ಮೊರ ಹಿಡಿದು ಚಿಂತೆಯಿಂದ ನನ್ನ ಹತ್ತಿರ ಬಂದಳು.

"ಅಕ್ಕಾ, ಹುಡುಗ ಚಲೋ ಇದ್ದಾನ. ಆದ್ರ ಕಾಲಾಗ ಶಕ್ತೀನೇ ಇದ್ದಂಗಿಲ್ಲಲ್ರಿ. ಲಗ್ನ ಇನ್ನೊಮ್ಮೆ ವಿಚಾರ ಮಾಡೂನೇನು?"