ಪುಸ್ತಕ ಹುಡುಕುವ ಯಂತ್ರಕ್ಕೆ ಸ್ವಾಗತ ಭಾಷಣ

ನಮ್ಮ ಜನರ ಕೈಗೆ ಮೈಕ್ ಕೊಡಬಾರದು. ಕೊಟ್ಟರೆ ಮಾತಾಡುವುದಿಲ್ಲ, ಭಾಷಣ ಮಾಡುತ್ತಾರೆ. ಶಿವಮೊಗ್ಗದ ನಾಲ್ಕಾರು ಸಂಘಗಳಲ್ಲಿ ಕಾರ್ಯಕ್ರಮ ನಿರೂಪಣೆ ಮಾಡಿಕೊಂಡು ಬಂದಿರುವ ನಾನೇ ಹೀಗೆ ಹೇಳುತ್ತಿದ್ದೇನೆಂದರೆ ನೀವು ನಂಬಬೇಕು. ಮದುವೆ ಮನೆಯಲ್ಲಿ "ಊಟಕ್ಕೆ ಏಳಿ" ಎನ್ನಲು ಮೈಕ್ ಹಿಡಿದ ನನ್ನ ಷಡ್ಡಕ, ಬಂದ ಹಿರಿಯರನ್ನೆಲ್ಲ ಹೆಸರು ಹಿಡಿದು ಸ್ವಾಗತಿಸುವಷ್ಟರಲ್ಲಿ ಸಾರು ಆರಿಹೋಗಿತ್ತು.

ಭದ್ರಾವತಿಯಲ್ಲಿರುವ ನನ್ನ ಅಕ್ಕನಿಗೆ ಕಣ್ಣು ಮಂಜಾಗಿ ಓದು ನಿಂತುಹೋಯಿತು. ಕಾದಂಬರಿಯಿಲ್ಲದೆ ಅವಳಿಗೆ ಅನ್ನ ಸೇರುವುದಿಲ್ಲ. ಅವಳ ಮಗಳು ಸುಮಾ ಅಲ್ಲೇ ಒಂದು ವಾಚನಾಲಯ ನೋಡಿಕೊಳ್ಳುತ್ತಾಳೆ. ಬಾಯಲ್ಲಿ ಹೇಳಿದರೆ ಸಾಕು, ಪುಸ್ತಕ ಹುಡುಕಿ ಓದಿ ಹೇಳುವ ವ್ಯವಸ್ಥೆಯನ್ನು ಫೋನಿನಲ್ಲಿ ಮಾಡಿಸಿದಳು. ಆದರೆ ಆ ಯಂತ್ರಕ್ಕೆ ನಮ್ಮ ಕಡೆಯ ಮಾತು ಅಭ್ಯಾಸವಿರಲಿಲ್ಲ. "ಮಾವ, ನಮ್ಮವರ ಮಾತು ಒಂದಿಷ್ಟು ರೆಕಾರ್ಡ್ ಮಾಡ್ಕೊಡಿ, ಅದಕ್ಕೆ ಕಲಿಸ್ತೀವಿ" ಎಂದಳು. ನಾನು ಹಿಂದೆಮುಂದೆ ನೋಡಿದೆ. ಅಷ್ಟರಲ್ಲಿ ಅಕ್ಕ, "ಒಂದು ಪುಸ್ತಕಕ್ಕೂ ಇನ್ನೊಬ್ಬರನ್ನ ಕರೀಬೇಕಲ್ಲೋ, ಅದೇ ನಂಗೆ ಬೇಜಾರು" ಎಂದಳು. ಒಪ್ಪಿಕೊಂಡೆ.

ನಮ್ಮ ರವೀಂದ್ರನಗರದಲ್ಲಿ ಮೈಕ್ ಹಿಡಿದು ಮನೆ ಮನೆ ತಿರುಗಿದೆ. ಎದುರು ಮನೆಯ ಯಜಮಾನರು ಬೆಳಿಗ್ಗೆಯಷ್ಟೇ ಹಾಲಿನವನಿಗೆ "ಏನ್ ಮಾರಾಯ, ಇದ್ರಲ್ಲಿ ಹಾಲೂ ಹಾಕಿದೀಯ?" ಎಂದಿದ್ದರು. ಮೈಕ್ ಕಂಡೊಡನೆ ಅಂಗಿಯ ಗುಂಡಿ ಹಾಕಿಕೊಂಡು, "ಮಾನ್ಯರೇ, ಅಡಿಕೆ ಬೇಸಾಯ ಕುರಿತ ಗ್ರಂಥವೊಂದನ್ನು ದಯಪಾಲಿಸಬೇಕೆಂದು ಈ ಮೂಲಕ ಕೋರುತ್ತೇನೆ" ಎಂದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ವಂದನಾರ್ಪಣೆ ಮಾಡಿದರು. ನನಗೆ ಬಹಳ ಸಂತೋಷವಾಯಿತು. ಮುಂದಿನ ಮನೆಗಳಲ್ಲಿ ಸಾದಾ ಮಾತಾಡಿದವರನ್ನು ನಾನೇ ತಿದ್ದಿದೆ.

ಯಂತ್ರ ಶ್ರದ್ಧೆಯಿಂದ ಕಲಿಯಿತು. ಅಕ್ಕ "ಒಂದು ಪತ್ತೇದಾರಿ ಕಥೆ ಹಾಕೇ ಮಾರಾಯ್ತಿ" ಎಂದರೆ ಮಿಸುಕುತ್ತಿರಲಿಲ್ಲ. ಕೊನೆಗೆ ರೋಸಿಹೋಗಿ, "ಸಭೆಗೆ ನಮಸ್ಕಾರ. ಪತ್ತೇದಾರಿ ಕಾದಂಬರಿಯೊಂದನ್ನು ದಯಪಾಲಿಸಬೇಕು" ಎಂದಳು. ತಕ್ಷಣ ಕೊಲೆ ಶುರುವಾಯಿತು. ನನಗೆ ಫೋನ್ ಮಾಡಿ, "ಒಂದು ಕಥೆ ಕೇಳೋಕೆ ನಾನು ದಿನಾ ಉದ್ಘಾಟನೆ ಮಾಡ್ಬೇಕೇನೋ?" ಎಂದು ಬೈದಳು.

ಸುಮಾ ನಾನು ಕೊಟ್ಟ ರೆಕಾರ್ಡನ್ನೆಲ್ಲ ಅಳಿಸಿಹಾಕಿದಳು. ವಾಚನಾಲಯಕ್ಕೆ ಬರುವವರನ್ನು ಒಪ್ಪಿಸಿ, ರೆಕಾರ್ಡ್ ಮಾಡಲು ಮೇಜಿನ ಮೇಲೆ ಫೋನಿಟ್ಟು, ಎಲ್ಲರಿಗೂ ಕಾಫಿ ಕೊಟ್ಟು, ನನ್ನೊಬ್ಬನನ್ನು ಮಾತ್ರ ಬಿಸ್ಕತ್ತು ತರಲು ಹೊರಗೆ ಕಳಿಸಿದಳು. ಮೊದಲ ಗುಟುಕಿಗೆ ಎಲ್ಲರೂ ಗಣ್ಯರಾಗಿದ್ದರಂತೆ. ಲೋಟ ಅರ್ಧವಾಗುವಷ್ಟರಲ್ಲಿ ಯಾರು ಯಾವ ಪುಸ್ತಕ ವಾಪಸ್ ಕೊಟ್ಟಿಲ್ಲವೆಂದು ಜಗಳ ಹತ್ತಿತಂತೆ. ನಾನು ಬಿಸ್ಕತ್ತು ತರುವಾಗ ಅದು ಬೀದಿಗೇ ಕೇಳುತ್ತಿತ್ತು. ಯಂತ್ರಕ್ಕೆ ಬೇಕಾದದ್ದು ಆ ಮಾತೇ. ಈಗ ಅಕ್ಕ ಗದರಿದರೂ ಅದಕ್ಕೆ ತಿಳಿಯುತ್ತದೆ. ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡು ಕೂತಿರುತ್ತಾಳೆ, ನಾನು ಫೋನ್ ಮಾಡಿದರೆ ಎತ್ತುವುದೂ ಇಲ್ಲ.

ಮೊನ್ನೆ ಭದ್ರಾವತಿಗೆ ಹೋದಾಗ ನಾನೂ ಒಂದು ಪುಸ್ತಕ ಕೇಳಿದೆ. ಉತ್ತರವಿಲ್ಲ. ಗಂಟಲು ಸರಿಮಾಡಿಕೊಂಡು, ಇನ್ನಷ್ಟು ಸ್ಪಷ್ಟವಾಗಿ ಕೇಳಿದೆ. ಊಹೂಂ.

"ನಿನ್ನ ಮಾಮೂಲಿ ಮಾತಲ್ಲಿ ಕೇಳೋ" ಎಂದಳು ಅಕ್ಕ.

"ಇದು ನನ್ನ ಮಾಮೂಲಿ ಮಾತೇ ಆಗಿರುತ್ತದೆ, ಅಕ್ಕ" ಎಂದೆ.

ಅಕ್ಕ ಕೈ ಚಾಚಿ ನನ್ನಿಂದ ಫೋನ್ ತೆಗೆದುಕೊಂಡಳು.

"ಯಾವ ಪುಸ್ತಕ ಬೇಕು ಹೇಳು. ನಾನೇ ಹುಡುಕಿಕೊಡ್ತೀನಿ."