ರಕ್ಷಣಾ ಇಲಾಖೆಯ ತೊಡೆದೇವು

ದೇಶರಕ್ಷಣೆಯ ಸಂಶೋಧನೆ ಎಂದಕೂಡಲೇ ಜನರ ಕಣ್ಣಮುಂದೆ ಬರುವುದು ಕ್ಷಿಪಣಿ, ರಾಡಾರು, ಕಿವಿ ಹರಿಯುವಂತೆ ಅರಚುವ ವಿಮಾನ. ತಿಂಡಿ ಯಾರಿಗೂ ನೆನಪಾಗುವುದಿಲ್ಲ. ಹಿಮದಲ್ಲಿ ನಿಂತ ಸೈನಿಕನಿಗೂ ಹೊಟ್ಟೆ ಇದೆಯಲ್ಲ! ಅದಕ್ಕೂ ಸರ್ಕಾರದ ಪ್ರಯೋಗಾಲಯವಿದೆ. ಅಲ್ಲಿನವರು ಎಲ್ಲವನ್ನೂ ತಾವೇ ಮಾಡಲಾಗದೆ ಕಾಲೇಜುಗಳಿಂದ ಪ್ರಸ್ತಾವನೆ ಕರೆಯುತ್ತಾರೆ. ಶಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು ಸುಮ್ಮನಿರಬೇಕಾಗಿದ್ದ ನಾನು, ತೊಡೆದೇವನ್ನು ಆರು ತಿಂಗಳು ಕೆಡದಂತೆ ಇಡುತ್ತೇನೆ ಎಂದು ಬರೆದು ಕಳಿಸಿಬಿಟ್ಟೆ. ಕಬ್ಬಿನ ಹಾಲಿಗೋ ಬೆಲ್ಲದ ನೀರಿಗೋ ಅಕ್ಕಿಹಿಟ್ಟು ಕಲಸಿ, ಕವುಚಿಟ್ಟ ಬಿಸಿ ಮಡಕೆಯ ಮೇಲೆ ಬಳಿದು ತೆಗೆಯುವ, ಕಾಗದದಷ್ಟು ತೆಳ್ಳಗಿನ ಸಿಹಿ ಅದು. ತೇವ ತಾಗಿದರೆ ಮುಗಿಯಿತು, ಗರಿಗರಿ ಹೋಗಿ ಚರ್ಮವಾಗುತ್ತದೆ. ಪ್ರಸ್ತಾವನೆ ಮಂಜೂರಾಗಿಯೇ ಹೋಯಿತು.

ಮಂಜೂರಾದರೆ ಹಣ ಬರುತ್ತದೆ ಎಂದುಕೊಂಡಿದ್ದೆ. ಮೊದಲು ಬಂದದ್ದು ಹಂತಗಳು. ಮೊದಲ ಹಂತದಲ್ಲಿ ಮಾಡಿ ಇಟ್ಟು ನೋಡುವುದು, ಎರಡನೆಯದರಲ್ಲಿ ಗಡಿಗೆ ಕಳಿಸಿ ಸೈನಿಕರಿಂದ ತಿನ್ನಿಸಿ ನೋಡುವುದು, ಮೂರನೆಯದರಲ್ಲಿ ತಯಾರಿಕೆಯ ವಿಧಾನವನ್ನು ಕಾರ್ಖಾನೆಯವರಿಗೆ ಒಪ್ಪಿಸುವುದು. ಪ್ರತಿ ಹಂತದ ಬಾಗಿಲಲ್ಲೂ ಒಂದು ಪರಿಶೀಲನಾ ಸಮಿತಿ. ಅದು ತಲೆಯಾಡಿಸದೆ ಮುಂದಿನ ಕಂತಿಲ್ಲ. ನಾನು 'ಮುಖ್ಯ ಸಂಶೋಧಕ'. ಮಂಜೂರಾತಿ ಕಾಗದದ ನೆತ್ತಿಯ ಮೇಲೆ 'ಗೋಪ್ಯ' ಎಂದು ಅಚ್ಚಾಗಿದ್ದರಿಂದ ಸುದ್ದಿ ಬೇಗ ಹಬ್ಬಿತು. ಯಲ್ಲಾಪುರದ ಭಾವ ಫೋನು ಮಾಡಿ, "ಭಾವಾ, ನೀ ಬಾಂಬ್ ಮಾಡ್ತ್ಯಡಾ? ಯಂಗ್ಳ ಬದಿಗೆ ಮಾತ್ರ ಹಾರ್ಸಡ ಮಾರಾಯ," ಎಂದ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲು ಮನಸ್ಸು ಬರಲಿಲ್ಲ.

ತೊಡೆದೇವು ಮಾಡಿಕೊಡುವವಳು ನನ್ನ ಆಯಿ, ಅಂದರೆ ಅಮ್ಮ. "ತಿಂಬಲೆ ಅಲ್ದಾ ತಮಾ ಮಾಡದು? ಇಟ್ಕಂಡು ನೋಡ್ತಾ ಕೂರದು ಎಂತಕ್ಕೆ?" ಎಂದು ಒಮ್ಮೆ ಕೇಳಿ ಹಿಟ್ಟು ಕಲಸಲು ಕೂತಳು. ಸಾಮಾನ್ಯ ಹವೆಯಲ್ಲಿ ಇಡಬೇಕಾದ ಡಬ್ಬಗಳಿಗೆ ತಾರೀಖಿನ ಚೀಟಿ ಅಂಟಿಸಿ ನಮ್ಮ ಅಡುಗೆಮನೆಯ ಕಪಾಟಿನಲ್ಲೇ ಇಟ್ಟೆ. ತಿಂಗಳಿಗೊಮ್ಮೆ ಒಂದೊಂದನ್ನು ಪರೀಕ್ಷಿಸಿದರೆ, ಏನಾಶ್ಚರ್ಯ, ಮೊದಲ ದಿನದ್ದೇ ಗರಿಗರಿ! ಮಳೆಗಾಲದಲ್ಲೂ ನನ್ನ ಗ್ರಾಫಿನಲ್ಲಿ ತೇವಾಂಶದ ಗೆರೆ ಮೇಲೇಳಲಿಲ್ಲ. ಸಂಜೆ ಚಹಾದ ಜೊತೆ ಆಯಿ ಕೊಟ್ಟ ತೊಡೆದೇವು ಮುರಿಯುತ್ತ ಆ ಗೆರೆಯನ್ನು ನೋಡುತ್ತ ಕೂರುವುದೇ ನನಗೆ ಸುಖ. ಕಾಲೇಜಿನಲ್ಲಿ ನನ್ನ ದನಿಯೇ ಬದಲಾಗಿತ್ತಂತೆ.

ಐದನೆಯ ತಿಂಗಳು ಸಮಿತಿ ಬಂತು. ಮೂವರು. ಗೆರೆ ನೋಡಿ ನಂಬಿಕೆ ಬಾರದೆ, ಡಬ್ಬಗಳನ್ನೇ ನೋಡಬೇಕೆಂದು ಮನೆಗೆ ಬಂದರು. ನಾನು ಜಗುಲಿಯಲ್ಲಿ ವಿವರಿಸುತ್ತಿದ್ದಂತೆ ಆಯಿ, ಬಂದವರನ್ನು ಬರಿಬಾಯಲ್ಲಿ ಕೂರಿಸುವುದುಂಟೇ ಎಂದು, ಚೀಟಿ ಅಂಟಿಸಿದ ಡಬ್ಬವನ್ನೇ ತೆರೆದು ತುಪ್ಪ, ಬಿಸಿಹಾಲಿನ ಜೊತೆ ಬಡಿಸಿಬಿಟ್ಟಳು. ನನ್ನ ಜೀವ ಬಾಯಿಗೆ ಬಂತು. ಅಧ್ಯಕ್ಷರು ಮಾತ್ರ ಚೀಟಿ ಓದಿ, ಮುರಿದು ತಿಂದು, ಇನ್ನೊಂದು ಕೇಳಿದರು. "ಐದು ತಿಂಗಳಾದ ಮೇಲೂ ಹೀಗೆ! ಮುಂದಿನ ತಿಂಗಳೇ ಗಡಿಗೆ ಕಳಿಸೋಣ."

ಅವರ ಕಾರು ಹೊರಟದ್ದೇ ನಾನು ಒಳಗೆ ಓಡಿದೆ. "ಆಯೀ, ನಿನ್ನ ಐದು ತಿಂಗಳ ತೊಡೆದೇವು ಪಾಸಾತು!"

"ಯಾವ ಐದು ತಿಂಗಳದ್ದು? ಅದು ಮೊನ್ನೆ ಮಾಡಿದ್ದು." ಡಬ್ಬ ಖಾಲಿಯಾದಾಗಲೆಲ್ಲ ಹೊಸದು ಮಾಡಿ ತುಂಬಿಸುತ್ತಿದ್ದಳಂತೆ. "ನಿಂಗೆ ಬೇಜಾರಾಗ್ತು ಹೇಳಿ ಚೀಟಿ ಮಾತ್ರ ಮುಟ್ಟಿದ್ನಿಲ್ಲೆ."

ನನಗೆ ಸಿಟ್ಟು ನೆತ್ತಿಗೇರಿತು. "ದೇಶದ ಆಸ್ತಿನ ಬಂದವ್ಕೆಲ್ಲಾ ಹಂಚದನೇ ಆಯಿ?"

"ಬಂದವ್ಕೆ ಎಷ್ಟ್ ಹೋತು? ದಿನಾ ಸಂಜೆ ಚಾ ಕುಡಿತಾ ತಿಂಬವ ನೀನೇಯಾ!"

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎಲ್ಲೋ ಹಿಮದ ನೆತ್ತಿಯಲ್ಲಿ ಒಬ್ಬ ಸೈನಿಕ ಹಸಿದು ಡಬ್ಬ ತೆರೆದು, ಚರ್ಮ ಜಗಿಯುತ್ತ ನನ್ನನ್ನು ಬಯ್ಯುವುದು ಕಾಣುತ್ತಿತ್ತು. ನಿಜಕ್ಕೂ ನಾಚಿಕೆಯಾಯಿತು. ಬೆಳಗಾದದ್ದೇ ಅಧ್ಯಕ್ಷರಿಗೆ ಫೋನು ಮಾಡಿ, ತಿಂದವರು ಯಾರು ಎಂಬುದೂ ಸೇರಿ, ಎಲ್ಲ ಹೇಳಿದೆ. ಆಚೆಯಿಂದ ನಗು ಕೇಳಿತು. "ಮೊದಲ ಹಂತ ಮೊದಲಿನಿಂದ ಮಾಡಿ. ಹೊಸ ಹಣ ಇಲ್ಲ. ಡಬ್ಬಗಳು ಬೀಗದೊಳಗಿರಲಿ. ಕೀಲಿ ನಿಮ್ಮ ತಾಯಿಯವರ ಹತ್ತಿರ, ನಿಮ್ಮ ಹತ್ತಿರ ಬೇಡ. ಕೇಳಿದರೆ ಅವರು ನಿಜ ಹೇಳುತ್ತಾರೆ."

ಈಗ ಕೀಲಿ ಆಯಿಯ ಸೊಂಟದಲ್ಲಿದೆ. ಕೆಲಸ ಏನೆಂದು ತಿಳಿದ ಮೇಲೆ ಅವಳೂ ಬಲು ಕಟ್ಟುನಿಟ್ಟು, ತಿಂಗಳು ತುಂಬಿದಾಗ ಒಂದೇ ಡಬ್ಬ ಹೊರಗೆ. ನೆಂಟರಿಗೂ ಅವಲಕ್ಕಿಯೇ ಗತಿ. ನಿನ್ನೆ ಸಂಜೆ ನಾನು, ಪರೀಕ್ಷೆಗೆ ಬೇಕಿತ್ತು, ಒಂದೇ ಒಂದು ಕೊಡು ಎಂದೆ. ಆಯಿ ನನ್ನ ಕೈಯಲ್ಲಿದ್ದ ಚಹಾ ಲೋಟ ನೋಡಿ, "ತಿಂಗಳು ಆಜಿಲ್ಲೆ," ಎಂದು ಒಳಗೆ ಹೋದಳು.